ಅಮೆರಿಕದವನು ಬರೆದ ನನ್ನ ಕಬಡ್ಡಿ

ಟೀ ಅಂಗಡಿಯಲ್ಲಿ ಕಾದಂಬರಿ ಓದಿ ನಮಗೆ ಅರ್ಥ ಹೇಳುತ್ತಿದ್ದ ಇಂಗ್ಲಿಷ್ ಮೇಷ್ಟ್ರು ತಟ್ಟನೆ ನಿಲ್ಲಿಸಿ ನನ್ನ ಮುಖ ನೋಡಿದರು. "ಲೇ, ಇವನು ನೀನೇ ಕಣೋ!"

ಬರೆದವನು ಅಮೆರಿಕದವನು. ಹಿಂದೆ ನಮ್ಮ ನಂಗಲಿಯಲ್ಲಿದ್ದು ಕೋಳಿ ಸಾಕಣೆ ಕಲಿಸುತ್ತಿದ್ದ, ಸಂಜೆ ನಮ್ಮ ಕಬಡ್ಡಿ ನೋಡುತ್ತಿದ್ದ. ಈಗ ಆಟಗಳ ಮೇಲೆ ಕಾದಂಬರಿ ಬರೆಯುತ್ತಾನಂತೆ. ಇದನ್ನು ನನಗೆ ಅಂಚೆಯಲ್ಲಿ ಕಳಿಸಿದ್ದ.

ಅದರಲ್ಲಿ ಫೈನಲ್‌ನ ಕೊನೆಗೆ ಒಬ್ಬ ಎದುರಾಳಿಗಳ ಕೈಗೆ ಸಿಕ್ಕಿಬೀಳುತ್ತಾನೆ. ದಮ್ಮು ಕಟ್ಟಾಗಿ 'ಕಬಡ್ಡಿ' ಅನ್ನುವುದು ನಿಲ್ಲುತ್ತದೆ. ಜನರ ಕೂಗಾಟದಲ್ಲಿ ಅಂಪೈರಿಗೆ ಅದು ತಿಳಿಯುವುದಿಲ್ಲ. ಸಿಕ್ಕಿಬಿದ್ದವನು ಮತ್ತೆ 'ಕಬಡ್ಡಿ' ಎನ್ನುತ್ತಾ ಗೆರೆ ಮುಟ್ಟಿ ಗೆಲ್ಲುತ್ತಾನೆ. ಕಾಲು ಹಿಡಿದಿದ್ದವನು "ಔಟ್" ಎಂದು ಅತ್ತರೂ ಯಾರೂ ನಂಬುವುದಿಲ್ಲ.

ನಾನು ಮಾಡಿದ್ದೇ ಅದು. ಕಾಲು ಹಿಡಿದಿದ್ದವನು ಪಕ್ಕದೂರಿನವನು, ಆಮೇಲೆ ನಮ್ಮಕ್ಕನನ್ನು ಮದುವೆಯಾದ. ಈಗ ನನ್ನ ಪಕ್ಕದಲ್ಲೇ ಟೀ ಕುಡಿಯುತ್ತಿದ್ದ.

"ಏನ್ಲಾ, ಮದ್ವೆ ಮನೇಲೂ ನನ್ನ ಸುಳ್ಳ ಅಂತ ಆಡ್ಕೊಂಡ್ರಲ್ಲೋ. ಈಗಾದ್ರೂ ಬಾಯ್ಬಿಡು!" ಎಂದ ಭಾವ.

"ಹೌದು ಭಾವ. ದಮ್ಮು ಹೋಗಿತ್ತು."

ಭಾವ ಪುಸ್ತಕ ಒಯ್ದ, ಅಂದು ಫೈನಲ್‌ನಲ್ಲಿ ನಾವು ಗೆದ್ದ ಕಪ್ ಕೇಳಲಿಲ್ಲ. ಅವನಿಗೆ ಇಂಗ್ಲಿಷ್ ಬರುವುದಿಲ್ಲ. ಆ ಪುಟಕ್ಕೆ ಒಂದು ಕೋಳಿ ಗರಿ ಇಟ್ಟುಕೊಂಡು, ಮನೆಗೆ ಬಂದವರಿಗೆಲ್ಲ ಬಿಚ್ಚಿ ತೋರಿಸುತ್ತಾನೆ. ನಾನು ಅಲ್ಲಿದ್ದರೆ ಎದ್ದು ಹೋಗುವುದಿಲ್ಲ.