ಹಳೇ ಮಿಷನ್ನಿನ ಹೊಟ್ಟೆಯಲ್ಲಿ ಹಲ್ಲುಸೆಟ್ಟು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಚ್ಚಲಿನ ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು, ಬಟ್ಟೆ ಒಗೆಯುವ ಹಳೇ ಮಿಷನ್ನಿನ ಹಿಂಬದಿಗೆ ತಲೆ ತೂರಿಸಿ ಹೆಂಗಸೊಬ್ಬರು ಅಂಗಾತ ಮಲಗಿದ್ದಾರೆ. ನನಗೆ ಕಾಣುವುದು ಎರಡು ಪಾದ, ಒಂದು ಸ್ಕ್ರೂಡ್ರೈವರು. ಕೇಳುವುದು ಬರೀ ಬೈಗುಳ. ಮಿಷನ್ನಿಗೆ, ಅದನ್ನು ಮಾಡಿದ ಕಂಪನಿಗೆ, ಕಂಪನಿಯವರ ಏಳು ತಲೆಮಾರಿಗೆ, ಆಮೇಲೆ ಬೆಳಗ್ಗೆ ಬೆಳಗ್ಗೆ ಬಂದು ಬಾಗಿಲಿಗೆ ಅಡ್ಡ ನಿಂತಿರುವ ನನಗೆ.

“ಟಾರ್ಚ್ ಹಿಡೀರಿ. ಅಲ್ಲಲ್ಲ, ಈ ಕಡೆ. ನನ್ನ ಮುಖಕ್ಕೆ ಯಾಕೆ ಬಿಡ್ತೀರಿ? ಕೆಟ್ಟಿರೋದು ಮಿಷನ್, ನನ್ನ ಮುಖ ಅಲ್ಲ!”

ನಿನ್ನೆ ಮಧ್ಯಾಹ್ನದಿಂದ ಮಿಷನ್ ನೀರು ಹೊರಗೆ ಬಿಡುತ್ತಿಲ್ಲ. ಡ್ರಮ್ಮಿನ ಅಡಿಯ ದಪ್ಪ ರಬ್ಬರ್ ಪೈಪಿನ ಕ್ಲಿಪ್ಪು ಸಡಿಲಿಸಿ ಪೈಪು ಎಳೆದದ್ದೇ ತಡ, ಕೊಳಕು ನೀರು ಭರ್ರೆಂದು ಅವರ ತೋಳಿನ ಮೇಲೆ, ನನ್ನ ಚಪ್ಪಲಿಯ ಮೇಲೆ ಸುರಿಯುತ್ತದೆ. ನೀರಿನ ಹಿಂದೆಯೇ ಮುದ್ದೆಯಾದ ಕರವಸ್ತ್ರ, ಒಂದು ಗುಂಡಿ. ಕೈ ಒಳಗೆ ಹಾಕಿ ಇನ್ನಷ್ಟು ತಡಕಾಡಿ ಅವರು ಗುಲಾಬಿ ಬಣ್ಣದ್ದೇನನ್ನೋ ಹೊರಗೆ ಎಳೆಯುತ್ತಾರೆ. ಹಲ್ಲು. ಮೇಲಿನ ಸಾಲಿನ ಪೂರ್ತಿ ಹಲ್ಲುಸೆಟ್ಟು, ಒಂದು ಹಲ್ಲು ಮಾತ್ರ ಮುರಿದಿದೆ.

ನನಗೆ ನಗು ಬಂತು, ಸುಳ್ಳು ಯಾಕೆ ಹೇಳಲಿ. ಅವರು ಎದ್ದು ಕೂತು ನನ್ನನ್ನು ನೋಡಿದ ರೀತಿಗೆ ಟಾರ್ಚು ಆರಿಸಿಬಿಟ್ಟೆ.

“ನಗ್ತೀರಾ? ಯಾರದೋ ಮನೇಲಿ ಯಾರೋ ಊಟ ಬಿಟ್ಟು ಮಲಗಿದಾರೆ ಕಣ್ರೀ. ಯಾರು ಅಂತ ಈಗ ಗೊತ್ತಾಗ್ಬೇಕು ನನಗೆ.”

ಬೀದಿಯವರು ಇವರನ್ನು ಎದುರಿಗೆ ‘ಮಿಷನ್ನಕ್ಕ’ ಅನ್ನುತ್ತಾರೆ, ಬೆನ್ನ ಹಿಂದೆ ‘ಗುಡುಗು’. ಹಾಸಿಗೆ ಹಿಡಿದವರ ಬಟ್ಟೆ ಒಗೆಯುವುದು ಇವರ ಕೆಲಸ. ಮಲ, ಮೂತ್ರ, ಕೀವು, ವಾಂತಿ ಆದ ಹಾಸು ಹೊದಿಕೆಗಳು. ಲಾಂಡ್ರಿಯವರು ಮೂಗು ಮುಚ್ಚಿಕೊಂಡು ವಾಪಸು ಕಳಿಸುವ, ಮನೆಗೆಲಸದವರು ಮುಟ್ಟಲಾರೆ ಅನ್ನುವ ಬಟ್ಟೆಗಳು. ಅವನ್ನು ಗಂಟು ಕಟ್ಟಿ, ಬೆಳಕು ಹರಿಯುವ ಮೊದಲು ಹಿತ್ತಿಲ ಗೇಟಿನ ಒಳಗೆ ಇಟ್ಟು, ತಿರುಗಿ ನೋಡದೆ ಹೋಗುತ್ತಾರೆ ಜನ. ಕರೆಗಂಟೆ ಒತ್ತುವುದಿಲ್ಲ, ಹೆಸರಿನ ಚೀಟಿ ಇಡುವುದಿಲ್ಲ. ಯಾರ ಗಂಟು ಯಾವುದೆಂದು ಇವರು ಕಟ್ಟಿದ ರೀತಿ ನೋಡಿಯೇ ಹೇಳುತ್ತಾರೆ. ಸಿಟ್ಟಿನಲ್ಲಿ ಬಿಗಿದ ಗಂಟನ್ನು ಹಲ್ಲಿನಿಂದಲೇ ಬಿಚ್ಚಬೇಕಂತೆ. ಮದುವೆ ಮನೆಯಲ್ಲಿ ಎದುರಾದರೆ ಇದೇ ಜನ ಇವರ ಗುರುತೇ ಇಲ್ಲದವರ ಹಾಗೆ ಪಕ್ಕಕ್ಕೆ ತಿರುಗುತ್ತಾರೆ.

ನಮ್ಮ ಪತ್ರಿಕೆಯ ಈ ಪುಟಕ್ಕೆ ‘ಎಲೆಮರೆಯ ಕಾಯಿ’ ಅಂತ ಹೆಸರಿಟ್ಟಿದ್ದೇವೆ. ಇಂಥವರನ್ನು ಮರೆ ಮಾಡಿರುವ ಎಲೆ ಯಾವುದು ಅಂತ ಯಾರೂ ಕೇಳಿಲ್ಲ. ಓದುವ ನೀವು, ಬರೆಯುವ ನಾನು, ನಾವೇ. ‘ಸ್ಫೂರ್ತಿ ಕೊಡೋ ಹಾಗಿರಲಿ, ಓದುಗರು ನೊಂದುಕೊಳ್ಳೋದು ಬೇಡ’ ಎಂದು ಸಂಪಾದಕರು ಹೇಳಿ ಕಳಿಸಿದ್ದಾರೆ. ಕ್ಷಮಿಸಿ, ಈ ವಾರ ಸ್ಫೂರ್ತಿ ಸ್ಟಾಕಿಲ್ಲ.

ದಿನಕ್ಕೆ ಎಷ್ಟು ಬಟ್ಟೆ ಒಗೆಯುತ್ತೀರಿ ಎಂದು ಕೇಳಿದೆ. ಪತ್ರಿಕೆಯವರು ಕೇಳಲೇಬೇಕಾದ ಪ್ರಶ್ನೆ ಅದು. “ಎಣಿಸ್ತಾ ಕೂತ್ರೆ ಒಗೆಯೋರು ಯಾರು? ಜ್ವರದ ಕಾಲದಲ್ಲಿ ಜಾಸ್ತಿ. ಯಾರಾದ್ರೂ ಹೋದ್ರೆ ಒಂದು ಗಂಟು ಕಮ್ಮಿ. ಬರ್ಕೊಳ್ಳಿ” ಅಂದರು. ಬರೆದುಕೊಂಡೆ.

ಮಿಷನ್ನಿಗೆ ನನಗಿಂತ ವಯಸ್ಸಾಗಿದೆ. ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಇವರು ಆಯಾ ಆಗಿದ್ದಾಗ ಅಲ್ಲಿನ ಬಟ್ಟೆ ಒಗೆಯುತ್ತಿದ್ದದ್ದು ಇದೇ. ನರ್ಸಿಂಗ್ ಹೋಮು ಮುಚ್ಚಿದಾಗ ಗುಜರಿಗೆ ಹೊರಟಿದ್ದನ್ನು ಕೈಗಾಡಿ ತಂದು ಎಳೆದುಕೊಂಡು ಬಂದರು. ಅದರ ಬಾಗಿಲ ಗಾಜು ಮಣೆಯಷ್ಟು ದಪ್ಪ. ನೀರು ಕಾಯಿಸುವ ಕಾಯಿಲ್ಲು ಸತ್ತು ಎಷ್ಟೋ ಕಾಲವಾಗಿದೆ, ಒಲೆಯ ಮೇಲೆ ಕಾಯಿಸಿ ಸೋಪು ಹಾಕುವ ಪೆಟ್ಟಿಗೆಯ ಮೂಲಕ ಬಕೆಟ್ಟಿನಿಂದ ಸುರಿಯುತ್ತಾರೆ. ಹೊಸ ಮಿಷನ್ ತಗೋಬಾರದಾ ಎಂದು ಕೇಳುವುದು ತಪ್ಪೆಂದು ಗೊತ್ತಿದ್ದೂ ಕೇಳಿದೆ.

“ತಮ್ಮನ ಮನೇಲಿದೆ ಹೊಸದು. ನೋಡಿದೀನಿ. ಒಂದು ಲೋಟ ನೀರಲ್ಲಿ ಬಟ್ಟೆ ಒದ್ದೆ ಮಾಡಿ, ಆಯ್ತು ಅಂತ ಹಾಡು ಹೇಳುತ್ತೆ. ಹೇಲಾಗಿರೋ ಬಟ್ಟೆಗೆ ಹಾಡು ಕಟ್ಕೊಂಡು ಏನ್ ಮಾಡ್ಲಿ? ಇದು ನಾನು ಸುರಿದಷ್ಟು ನೀರು ಕುಡಿಯುತ್ತೆ, ಬೇಡ ಅನ್ನಲ್ಲ.”

ಬಾಗಿಲ ಸುತ್ತಲಿನ ರಬ್ಬರು ಹರಿದಾಗ ಕಂಪನಿಗೆ ಫೋನ್ ಮಾಡಿದ್ದರು. ಒಬ್ಬ ಬಂದ, ಬಗ್ಗಿಯೂ ನೋಡಲಿಲ್ಲ. ಪಾರ್ಟ್ ಬರೋದು ನಿಂತುಹೋಗಿದೆ, ಎಸೆದುಬಿಡಿ ಅಂದ. ಮುದಿಯಾದದ್ದನ್ನು ಎಸೆಯುವುದು ನಮಗೆ ಈಗ ಎಷ್ಟು ಸಲೀಸಾಗಿಬಿಟ್ಟಿದೆ ನೋಡಿ! ಆಮೇಲೆ ಮಿಷನ್ನಕ್ಕ ಸೈಕಲ್ ಟ್ಯೂಬು ಕತ್ತರಿಸಿ, ಅಂಟು ಹಾಕಿ, ತಂತಿ ಬಿಗಿದು ತಾವೇ ರಬ್ಬರು ಕಟ್ಟಿದರು. ನೀರು ಸೋರುವುದು ನಿಂತಿತು. ಕೆಳಗಡೆ ಮಾತ್ರ ಡ್ರಮ್ಮಿಗೂ ರಬ್ಬರಿಗೂ ನಡುವೆ ಮೂರು ಬೆರಳು ತೂರುವಷ್ಟು ಸಂದು ಉಳಿಯಿತು.

ಹಲ್ಲು ಒಳಗೆ ಹೋದದ್ದು ಆ ಸಂದಿಯಿಂದ. ಅದನ್ನು ಹೇಳುವಾಗ ಅವರ ಸಿಟ್ಟು ದಾರಿ ಬದಲಿಸುತ್ತದೆ.

“ವಾರದಿಂದ ಕಟಕಟ ಅಂತಾನೇ ಇತ್ತು. ಬೇರಿಂಗ್ ಹೋಯ್ತು ಅಂದ್ಕೊಂಡು ಗ್ರೀಸ್ ಹಾಕ್ದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! ನಿನ್ನೆ ಈ ದರಿದ್ರ ಕರವಸ್ತ್ರ ಹೋಗಿ ಅಡ್ಡ ಕೂತ್ಕೊಂಡಿಲ್ದಿದ್ರೆ ಇನ್ನೂ ಗ್ರೀಸೇ ಹಾಕ್ತಿದ್ದೆ. ಸಂದು ಬಿಟ್ಟೋಳೂ ನಾನೇ, ಶಬ್ದ ಕೇಳಿ ಸುಮ್ಮನಿದ್ದೋಳೂ ನಾನೇ.”

ಪೈಪು ಮತ್ತೆ ಜೋಡಿಸಿ ಸ್ವಿಚ್ ಹಾಕುತ್ತಾರೆ. ಮಿಷನ್ ಒಮ್ಮೆ ಕೆಮ್ಮಿ, ನಡುಗಿ, ನೀರು ಬಿಡುತ್ತದೆ. ನಾನು ಚಪ್ಪಾಳೆ ತಟ್ಟಲು ಹೋದೆ. ಅವರು ತಿರುಗಿಯೂ ನೋಡಲಿಲ್ಲ. ಹೊಸ ಬ್ರಶ್ಶು ಬಿಚ್ಚಿ ಹಲ್ಲುಸೆಟ್ಟನ್ನು ಉಜ್ಜಿ ಉಜ್ಜಿ ತೊಳೆದು, ಬಿಳಿ ಬಟ್ಟೆಯ ಮೇಲಿಟ್ಟು, ಹಿತ್ತಿಲ ಗೇಟಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತರು. ಒಗೆದ ಬಟ್ಟೆ ಒಯ್ಯಲು ಬರುವವರನ್ನು ಒಬ್ಬೊಬ್ಬರನ್ನೇ ವಿಚಾರಿಸುವುದೆಂದು.

ಮೊದಲು ಬಂದದ್ದು ಸ್ಕೂಟರಿನ ಅಳಿಯ. ಇಳಿಯಲೂ ಇಲ್ಲ. “ನಮ್ಮತ್ತೇದಾ? ಅವರಿಗೆ ಹುಟ್ಟಿದ ಹಲ್ಲೇ ಇದೆ. ಮೊನ್ನೆ ನನ್ನ ಕೈ ಕಚ್ಚಿದ್ರು” ಎಂದು ಗಂಟು ಹಿಡಿದು ಹೊರಟ. ಆಮೇಲೆ ಒಬ್ಬಳು ಹೋಮ್ ನರ್ಸು, ಅವಳು ನೋಡಿಕೊಳ್ಳುವ ಅಜ್ಜಿಗೆ ಸೆಟ್ಟೇ ಮಾಡಿಸಿಲ್ಲ. ಮತ್ತೊಬ್ಬರು, ದೊಡ್ಡ ಹುದ್ದೆಯಲ್ಲಿರುವವರಂತೆ, ಬಟ್ಟೆಯ ಮೇಲಿನ ಹಲ್ಲು ನೋಡಿ ಮುಖ ಕಿವುಚಿದರು.

“ನಮ್ಮ ತಂದೆಗೆ ಸೆಟ್ಟಿದೆಯೋ ಇಲ್ವೋ… ನನಗೆ ಸರಿಯಾಗಿ ಗೊತ್ತಿಲ್ಲ. ಮನೆಯವಳನ್ನ ಕೇಳ್ಬೇಕು.”

“ಅಪ್ಪನ ಬಾಯಲ್ಲಿ ಹಲ್ಲಿದೆಯೋ ಇಲ್ವೋ ಅಂತ ಹೆಂಡ್ತೀನ ಕೇಳ್ತೀರಾ? ಈಗಲೇ ಫೋನ್ ಮಾಡಿ. ಇಲ್ಲೇ ನಿಂತು ಮಾಡಿ!”

ಪಾಪ, ಮಾಡಿದರು. ಅವರ ತಂದೆಯ ಸೆಟ್ಟು ಬಾಯಲ್ಲೇ ಇತ್ತು. ಮಗನ ಕಿವಿ ಕೆಂಪಗಾಗಿತ್ತು.

ನೀಲಿ ಗೇಟಿನ ಮನೆಯ ಕಿರಿ ಸೊಸೆ ಬಂದದ್ದು ಬಿಸಿಲೇರಿದ ಮೇಲೆ. ಕೂದಲು ಬಾಚಿಲ್ಲ, ಕಣ್ಣ ಕೆಳಗೆ ಕಪ್ಪು. ಬಟ್ಟೆ ಒಯ್ಯಲು ಅಲ್ಲ, ಬೇಗ ಕೊಡಿ ಎಂದು ಬೇಡಿಕೊಳ್ಳಲು ಬಂದಿದ್ದಾರೆ. “ಅಕ್ಕಾ, ಬಿಳಿ ಹಾಸುಗಳು ಇವತ್ತೇ ಬೇಕು. ನೆಂಟರೆಲ್ಲ ಬಂದುಬಿಟ್ಟಿದಾರೆ. ಮಾವನದು ಇವತ್ತೋ ನಾಳೆಯೋ ಅನ್ನೋ ಹಾಗಿದೆ.”

“ಏನಾಗಿದೆ?”

“ಬಿದ್ದು ಸೊಂಟ ಮುರ್ಕೊಂಡಿದ್ದು ನಿಮಗೆ ಗೊತ್ತಲ್ಲ. ವಾರದಿಂದ ಬಾಯೇ ಬಿಡ್ತಿಲ್ಲ. ಗಂಜಿ ಕೊಟ್ರೆ ತುಟಿ ಬಿಗಿ ಹಿಡೀತಾರೆ, ಕೈ ಅಡ್ಡ ಇಟ್ಕೊಳ್ತಾರೆ. ರಾತ್ರಿ ಪಕ್ಕದಲ್ಲಿಟ್ಟ ಲೋಟದ ನೀರು ಮಾತ್ರ ಬೆಳಗ್ಗೆ ಕಮ್ಮಿಯಾಗಿರುತ್ತೆ. ಮಾತೂ ಇಲ್ಲ. ಎರಡು ಸಲ ಬಾಯಿ ಕಡೆ ಬೆರಳು ತೋರಿಸಿದ್ರು, ನೀರು ಕೊಟ್ವಿ, ತಳ್ಳಿಬಿಟ್ರು. ಹೋಗೋಕೆ ಮನಸು ಮಾಡಿದಾರೆ, ಬಲವಂತ ಬೇಡ ಅಂತ ನಮ್ಮೆಜಮಾನ್ರು…”

ಮಿಷನ್ನಕ್ಕ ಬಿಳಿ ಬಟ್ಟೆಯನ್ನು ಮುಂದೆ ಹಿಡಿದರು. ಆ ಸೊಸೆ ಅದನ್ನು ನೋಡಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

“ನಾನು ಬಾವನೋರು ಎತ್ತಿಟ್ಟಿದಾರೆ ಅಂದ್ಕೊಂಡಿದ್ದೆ. ಅವರು ನಾನು ಎತ್ತಿಟ್ಟಿದೀನಿ ಅಂದ್ಕೊಂಡಿರ್ತಾರೆ. ಅಯ್ಯೋ ಅಕ್ಕಾ! ಹಲ್ಲಿಲ್ಲದ ಬಾಯಿ ನನ್ನ ಮುಂದೆ ಒಂದು ದಿನ ತೆರೆದವರಲ್ಲ ಅವರು. ಸೆಟ್ಟು ತೊಳೆಯೋವಾಗ ಬಾಗಿಲು ಹಾಕ್ಕೊಳ್ತಿದ್ರು.”

ಸಿಡಿಲೇ ಬೀಳುತ್ತದೆ ಅಂದುಕೊಂಡೆ. ಬೀಳಲಿಲ್ಲ. ಮಿಷನ್ನಕ್ಕ ಕೇಳಿದ್ದು ಇಷ್ಟೇ: “ಹಾಸಿಗೆ ಬಟ್ಟೆ ಬದಲಾಯಿಸೋದು ಯಾರು?”

“ನಾನೇ.”

“ರಾತ್ರಿ ಎದ್ದು ಮಗ್ಗುಲು ತಿರುಗಿಸೋದು?”

“ನಾನೇ ಅಕ್ಕಾ.”

“ನಿನ್ನ ಗಂಡ, ಬಾವ, ಅವರೆಲ್ಲ ಏನ್ ಮಾಡ್ತಾರೆ?”

“ಹಾಲಲ್ಲಿ ಕೂತಿದಾರೆ. ಫೋನ್ ಮಾಡಿ ಎಲ್ರಿಗೂ ತಿಳಿಸ್ತಿದಾರೆ.”

ಮಿಷನ್ನಕ್ಕ ಸೆರಗಿಗೆ ಕೈ ಒರೆಸಿಕೊಂಡು ಎದ್ದರು. ಅವರು ಹೊರಟ ವೇಗಕ್ಕೆ ಆ ಸೊಸೆಯೂ ನಾನೂ ಓಡಬೇಕಾಯಿತು. ನೀಲಿ ಗೇಟಿನ ಮನೆಯ ಹಿತ್ತಿಲ ದಾರಿ ತೋರಿಸಲು ಸೊಸೆ ಎಡಕ್ಕೆ ತಿರುಗಿದರೆ ಇವರು ನೇರ ಮುಂಬಾಗಿಲಿಗೇ ನಡೆದರು. ಹೊಸಿಲ ಹೊರಗೆ ಚಪ್ಪಲಿಗಳ ರಾಶಿ. ಒಳಗೆ ಕುರ್ಚಿ ಸಾಲದೆ ಜನ ನೆಲದ ಮೇಲೂ ಕೂತಿದ್ದಾರೆ. ಮೆಲುದನಿ, ನಿಟ್ಟುಸಿರು, ಕಾಫಿ ಲೋಟ. ಯಾರೋ ಒಬ್ಬರು ‘ಯಾರಮ್ಮಾ ನೀನು, ಹಿಂದಿಂದ ಬಾ’ ಅಂದರು. ಇಂಥ ಮಾತು ಕೇಳಿ ಕೇಳಿ ಅಭ್ಯಾಸವಾದವರ ಹಾಗೆ ಅವರು ನಿಲ್ಲದೆ ನಡೆದರು. ನನಗೆ ಮೈಯೆಲ್ಲ ಉರಿಯಿತು.

ಕೋಣೆಯಲ್ಲಿ ಹಿರಿಯರು ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ಒಂದು ಕಾಲದಲ್ಲಿ ಬಸ್ ಕಂಡಕ್ಟರ್ ಆಗಿದ್ದವರು, ಇಡೀ ಬಸ್ಸಿಗೆ ಕೇಳುವಂತೆ ಕೂಗುತ್ತಿದ್ದವರು. ಈಗ ಕೆನ್ನೆ ಒಳಗೆ ಹೋಗಿದೆ, ಬಾಯಿಯ ಮೇಲೆ ಅಂಗೈ. ಪಕ್ಕದ ಮೇಜಿನ ಮೇಲೆ ಬಂದವರೆಲ್ಲ ತಂದಿಟ್ಟ ಸೇಬಿನ ಗುಡ್ಡೆ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನುವ ಗಾದೆಯನ್ನು ನಾನು ಎಷ್ಟು ಸಲ ತಮಾಷೆಗೆ ಹೇಳಿದ್ದೇನೋ. ಇನ್ನು ಹೇಳಲಾರೆ.

ಮಿಷನ್ನಕ್ಕ ಹಾಸಿಗೆಯ ಪಕ್ಕ ಕೂತು ಬಟ್ಟೆ ಬಿಚ್ಚಿದರು. “ಅಪ್ಪಾರೆ, ಹಾಸಿನ ಜೊತೆ ಬಂದಿತ್ತು, ನನ್ನ ಮಿಷನ್ ನುಂಗಿಬಿಟ್ಟಿತ್ತು. ಒಂದು ಹಲ್ಲು ಮುರಿದಿದೆ. ತಪ್ಪಾಯ್ತು.”

ಹಿರಿಯರು ತಿರುಗಿ ನೋಡಿದರು. ಆಮೇಲೆ ಕೈ ಚಾಚಿ ಹಲ್ಲುಸೆಟ್ಟು ತೆಗೆದುಕೊಂಡು ಮತ್ತೆ ಗೋಡೆಯ ಕಡೆ ತಿರುಗಿದರು. ಮಿಷನ್ನಕ್ಕ ನಮಗೆಲ್ಲ ಕಣ್ಣು ಬಿಟ್ಟರು. ಬಾಗಿಲಿಗೆ ಮುತ್ತಿಕೊಂಡಿದ್ದವರೆಲ್ಲ, ಇಬ್ಬರು ಗಂಡುಮಕ್ಕಳ ಸಮೇತ, ಬೇರೆ ಕಡೆ ಮುಖ ಮಾಡಿದೆವು.

ಮಿಷನ್ನಕ್ಕ ಚಾಕು ಕೇಳಲಿಲ್ಲ, ಸೊಸೆಯೇ ತಂದುಕೊಟ್ಟರು. ಸೇಬನ್ನು ತೆಳ್ಳಗೆ ಹೆಚ್ಚಿದ ಸದ್ದು. ಆಮೇಲೆ ಕರುಂ ಎಂಬ ಸದ್ದು. ಯಾರೋ ಬಿಕ್ಕಿದರು, ಸೊಸೆಯೇ ಇರಬೇಕು.

ಹಿರಿಯರ ಬಾಯಿಂದ ವಾರದ ಮೇಲೆ ಹೊರಟ ಮೊದಲ ಮಾತು ಸ್ಪಷ್ಟವಾಗಿಯೇ ಇತ್ತು, ಗದರಿಕೆಯೂ ಇತ್ತು. “ಇವರೆಲ್ಲ ಯಾಕೆ ಬಂದಿದಾರೆ?”

ಮಕ್ಕಳು ಫೋನು ಜೇಬಿಗಿಳಿಸಿದರು. ನೆಂಟರು ತಂತಮ್ಮ ಕಾಫಿ ಲೋಟ ನೋಡಿಕೊಂಡರು. ಮಿಷನ್ನಕ್ಕ ಇನ್ನೊಂದು ತುಂಡು ಹೆಚ್ಚಿ ಅವರ ಅಂಗೈಗಿಟ್ಟರು.

“ನಿಮ್ಮನ್ನ ಕಳಿಸಿಕೊಡೋಕೆ ಬಂದಿದಾರೆ ಅಪ್ಪಾರೆ. ನೀವು ಸೇಬು ತಿನ್ನಿ.”