ಕೆಂಪಿಲ್ಲದ ರಕ್ತ

ಮಾವಿನಕುರ್ವೆಯ ಗಂಗಿಯ ಬುಟ್ಟಿಯ ಮೀನನ್ನು ಹೊನ್ನಾವರ ಪೇಟೆಯಲ್ಲಿ ಯಾರೂ ಮೂಸಿ ನೋಡಬೇಕಾಗಿಲ್ಲ. ಕೇಳುವ ಮೊದಲೇ ಅವಳು ಬಂಗಡೆಯ ಕಿವಿರು ಎತ್ತಿ ತೋರಿಸುತ್ತಾಳೆ. ಒಳಗೆ ಕೆಂಪಿದ್ದರೆ ತಾಜಾ, ಇಲ್ಲದಿದ್ದರೆ ಅವಳೇ ಕೊಡುವುದಿಲ್ಲ. ಚೌಕಾಸಿಗೆ ನಿಂತವರಿಗೆ ಅವಳ ನಾಲಿಗೆಯ ರುಚಿಯೂ ಪುಕ್ಕಟೆ ಸಿಗುತ್ತದೆ. ಗಂಡ ಸತ್ತ ಮೇಲೆ ಮಗಳು ವೀಣಾಳನ್ನು ಓದಿಸಿ ಕುಮಟಾಕ್ಕೆ ಮದುವೆ ಮಾಡಿಕೊಟ್ಟದ್ದು ಆ ಕಣ್ಣು, ಆ ನಾಲಿಗೆಯ ಬಲದಿಂದಲೇ.

ಆದರೆ ಒಮ್ಮೆ ಆ ನಾಲಿಗೆ ಅವಸರ ಮಾಡಿತು. ವೀಣಾ ಚೊಚ್ಚಲ ಬಸುರಿ. ಮೊದಲ ತಪಾಸಣೆಯ ದಿನ ಕುಮಟಾದ ಡಾಕ್ಟರಮ್ಮ, ನಿನ್ನದು ನೆಗೆಟಿವ್ ರಕ್ತದ ಗುಂಪು, ಹಿಂದೆ ಯಾವಾಗಲಾದರೂ ರಕ್ತ ಹಾಕಿಸಿಕೊಂಡಿದ್ದೀಯಾ ಎಂದು ಕೇಳಿದ್ದರು. ಮಗಳು ಬಾಯಿ ತೆರೆಯುವ ಮೊದಲೇ ಗಂಗಿ, ಅಂಥದ್ದೆಲ್ಲ ಇಲ್ಲವೇ ಇಲ್ಲ, ನನ್ನ ಮಗಳು ಗಟ್ಟಿಮುಟ್ಟು ಎಂದುಬಿಟ್ಟಿದ್ದಳು.

ಈಗ ಐದನೇ ತಿಂಗಳು. ಹೊಸ ರಕ್ತಪರೀಕ್ಷೆಯ ವರದಿ ನೋಡಿ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. ವೀಣಾಳ ಒಂದು ಪಕ್ಕ ಗಂಗಿ, ಇನ್ನೊಂದು ಪಕ್ಕ ಅತ್ತೆ ಸರೋಜಾ ಸೊಸೆಯ ಭುಜದ ಮೇಲೆ ಕೈಯಿಟ್ಟು ಕೂತಿದ್ದಳು. ಪಾಸಿಟಿವ್ ರಕ್ತವನ್ನು ಕೊಲ್ಲುವ ಪ್ರತಿಕಾಯ ವೀಣಾಳ ಮೈಯಲ್ಲಿ ಹುಟ್ಟಿಕೊಂಡಿದೆ, ಮಗುವಿನದು ಅಪ್ಪನಂತೆ ಪಾಸಿಟಿವ್ ಆಗಿದ್ದರೆ ಹೊಟ್ಟೆಯಲ್ಲೇ ಅದಕ್ಕೆ ಅಪಾಯ ಎಂದರು. ಹಿರಿಯರು ಸ್ವಲ್ಪ ಹೊರಗಿರಿ ಎಂದರು. ಇಬ್ಬರೂ ಅಲ್ಲಾಡಲಿಲ್ಲ.

"ಬೇರೆ ರಕ್ತ ಸೇರದೆ ಈ ಪ್ರತಿಕಾಯ ಹುಟ್ಟೋದಿಲ್ಲಮ್ಮ. ಈ ಬಸುರಿಗೂ ಮೊದಲು ಬಸುರಾಗಿ ಇಳಿದುಹೋಗಿದ್ದು ಏನಾದರೂ ಇತ್ತಾ?" ಎಂದು ಡಾಕ್ಟರಮ್ಮ ವೀಣಾಳನ್ನು ಕೇಳಿದರು.

ಸರೋಜಾಳ ಕೈ ಸೊಸೆಯ ಭುಜದಿಂದ ಮೆಲ್ಲಗೆ ಇಳಿಯಿತು. ವೀಣಾ ಇಲ್ಲವೆಂದಳು. ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇಳಿದ ಆ ಕೈಯನ್ನು ಗಂಗಿ ಕಂಡಳು. ಮಗಳ ಮಾನ ತನ್ನ ಕಣ್ಣೆದುರೇ ಹೋಗುತ್ತಿತ್ತು, ಬೈದು ಓಡಿಸಲು ಎದುರಿಗೆ ಗಿರಾಕಿಯೂ ಇರಲಿಲ್ಲ. ಬೇರೆ ರಕ್ತ ಎಲ್ಲಿಂದ ಬಂತು ಎಂದು ಹುಡುಕುತ್ತ ಹುಡುಕುತ್ತ ಅವಳಿಗೆ ಮದುವೆಗೆ ಮುಂಚಿನ ಜ್ವರ ನೆನಪಾಯಿತು. ದೊಡ್ಡ ಆಸ್ಪತ್ರೆಯಲ್ಲಿ ಮಗಳು ಎಚ್ಚರ ತಪ್ಪಿ ಮಲಗಿದ್ದಳು, ಮೇಲೆ ಒಂದು ಚೀಲ ತೂಗುತ್ತಿತ್ತು.

"ಡಾಕ್ಟ್ರಮ್ಮ, ಡೆಂಗಿ ಬಂದಾಗ ಇವ್ಳಿಗೆ ಹಳದಿ ನೀರು ಹಾಕಿದ್ರು. ಪ್ಲೇಟ್‌ಲೆಟ್ ಅಂದ್ರು. ಅದು ಕೆಂಪಿರ್ಲಿಲ್ಲ, ನಾ ಕಣ್ಣಾರೆ ನೋಡಿದ್ದೆ. ರಕ್ತ ಅಲ್ಲ ಅಂದ್ಕಂಡೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅದೂ ರಕ್ತದಿಂದಲೇ ತೆಗೆದದ್ದು, ಕಣ್ಣಿಗೆ ಕಾಣದಷ್ಟು ಕೆಂಪು ಕಣ ಅದರಲ್ಲಿ ಉಳಿದಿರುತ್ತದೆ ಎಂದರು. ನೆಗೆಟಿವ್ ಸಿಗದಾಗ ಜೀವ ಉಳಿಸಲು ಪಾಸಿಟಿವ್ ದಾನಿಯದನ್ನೇ ಹಾಕಿರಬೇಕು, ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಕೆಲವರ ಮೈ ಮಾತ್ರ ಅದನ್ನು ಮರೆಯುವುದಿಲ್ಲ. ಮೊದಲ ದಿನವೇ ಹೇಳಬಾರದಿತ್ತೇ ಎಂದೂ ಕೇಳಿದರು.

"ನಾನು ಎಂತದೂ ಅಂದಿಲ್ಲಪ್ಪ," ಎಂದಳು ಸರೋಜಾ. ಕೈ ಮತ್ತೆ ಭುಜಕ್ಕೆ ಬಂತು. ವೀಣಾ ಭುಜ ಸರಿಸಿಕೊಂಡಳು. ಅಮ್ಮ ಚಾಚಿದ ಕೈಯನ್ನೂ ಹಿಡಿಯದೆ, ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು, ಮಗು ಉಳಿಯುತ್ತದಾ ಎಂದು ಕೇಳಿದಳು. ಮೇಲಿಂದ ಮೇಲೆ ಸ್ಕ್ಯಾನ್ ಮಾಡಿ ನೋಡೋಣ, ಬೇಕಾದರೆ ಹೊಟ್ಟೆಯಲ್ಲಿರುವಾಗಲೇ ಮಗುವಿಗೆ ರಕ್ತ ಕೊಡುವ ದಾರಿಯಿದೆ ಎಂದರು ಡಾಕ್ಟರಮ್ಮ. ಮತ್ತೆ ಪೆನ್ನು ಎತ್ತಿಕೊಂಡು, ಆ ಜ್ವರದ ನಂತರ ಬೇರೇನಾದರೂ ಕಾಯಿಲೆ ಬಂದಿತ್ತೇ ಎಂದು ಕೇಳಿದರು.

ಗಂಗಿಯ ಬಾಯಿ ಆಗಲೇ ತೆರೆದಿತ್ತು.

"ಆಯಿ," ಎಂದಳು ವೀಣಾ ಅಮ್ಮನ ಕಡೆ ತಿರುಗಿ, "ಇನ್ಮೇಲೆ ನಾ ಹೇಳ್ತೆ."