ತಮ್ಮನ ಪಾಲಿಗೆ ಬಂದ ಸಾಲು

ಆ ಭಾನುವಾರ ಬೆಳಿಗ್ಗೆ ನಾವು ಹೆಂಗಸರು ಬೇತಮಂಗಲದ ಛತ್ರದ ಹಿತ್ತಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ನನ್ನ ತಮ್ಮ ಬಾವಿಕಟ್ಟೆಯ ಮೇಲೆ ಕೂತು, ಬಾಯಲ್ಲಿ ಇದ್ದಿಲು ಪುಡಿ ಇಟ್ಟುಕೊಂಡು, ಹಲ್ಲುಜ್ಜುವುದನ್ನೇ ಮರೆತು ಏನೋ ಗುನುಗುತ್ತಿದ್ದ. ನೀರು ಸೇದುತ್ತಿದ್ದ ಕ್ಯಾಸಂಬಳ್ಳಿ ಕಡೆಯ ಹೆಂಗಸು ಅವನನ್ನು ನೋಡಿ ಹಗ್ಗ ನಿಲ್ಲಿಸಿದಳು.

"ಏನ್ಲಾ ಅದು, ಇದ್ಲು ಪುಡಿ ಮಡಿಕ್ಕಂಡು ಮಂತ್ರ ಏಳ್ತಾ ಇದ್ದೀಯಾ? ಮೊದ್ಲು ಉಗೀಲಾ."

ಅವನು ಉಗಿದ. "ಇ... ಇವತ್ತು ನಂದು," ಅಂದ.

"ಓ, ಅದ್ಕೇನಾ! ಬೆಳಿಗ್ಗೆಯಿಂದ ಕೆರೆಯಾಗೆ ಒಂದು ಕೊಕ್ಕರೇನೂ ಇಲ್ವಲ್ಲಾ ಅನ್ಕಂಡೆ. ನೀನು ಪದ ಏಳೋ ಸುದ್ದಿ ತಿಳಿದು ಎಲ್ಲಾ ಎದ್ದೋಗವೆ."

ಎಲ್ಲರಿಗಿಂತ ಹೆಚ್ಚು ನಕ್ಕವನು ಅವನೇ. ಕಪ್ಪು ಹಲ್ಲು ಬಿಟ್ಟುಕೊಂಡು ನಕ್ಕ. ಹಾಗೆ ನಗುವುದಕ್ಕೆ ಅವನಿಗೆ ಅದೇ ಕೊನೆಯ ದಿನ ಎಂದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ.

ನನ್ನ ತಮ್ಮ ಉಗ್ಗುತ್ತಿದ್ದ. ಬೇರೆ ಅಕ್ಷರಗಳನ್ನು ತಡವರಿಸಿಯಾದರೂ ದಾಟುತ್ತಿದ್ದ, 'ಕ' ಮತ್ತು 'ಪ' ಎದುರಾದರೆ ಅವನ ನಾಲಿಗೆ ಅಲ್ಲೇ ನಿಂತುಬಿಡುತ್ತಿತ್ತು. ಅಕ್ಕ ಎನ್ನಲು ಹೋಗಿ ನಡುವೆ ಸಿಕ್ಕಿಕೊಳ್ಳುತ್ತಿದ್ದರಿಂದ ಚಿಕ್ಕಂದಿನಿಂದಲೂ ನನ್ನನ್ನು ಅವ್ವ ಎಂದೇ ಕರೆದ. ನಮ್ಮ ಅವ್ವ ತೀರಿಕೊಂಡ ಮೇಲೆ ಆ ಹೆಸರು ನನಗೇ ಉಳಿಯಿತು. ನಾನು ಬಂಗಾರಪೇಟೆಗೆ ಮದುವೆಯಾಗಿ ಬರುವಾಗ ಅವನನ್ನೂ ಜೊತೆಗೆ ಕರೆತಂದೆ. ದೊಡ್ಡವನಾಗಿ ಚಾಂಪಿಯನ್ ರೀಫ್ಸ್ ಕಡೆ ಚಿನ್ನದ ಗಣಿ ಕೆಲಸಕ್ಕೆ ಸೇರಿದ. ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದ. ಜೊತೆಯ ಆಳುಗಳು ಅವನನ್ನು ಉಗ್ಗ ಎಂದೇ ಕೂಗುತ್ತಿದ್ದರು. ಅವನು ಬರಬರುತ್ತಾ ಮಾತೇ ಬಿಟ್ಟ. ಮನೆಯಲ್ಲಿ ಸಾರಿಗೆ ಉಪ್ಪು ಬೇಕಾದರೂ ಕೈ ತೋರಿಸುತ್ತಿದ್ದ.

ಭಜನೆಯ ಸುದ್ದಿ ಹೇಳಿದವರು ನಮ್ಮ ಬೀದಿಯವರೇ. ಸುಗ್ಗಿ ಮುಗಿದ ಮೇಲೆ ಒಮ್ಮೆ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆವರೆಗೆ ಬೇತಮಂಗಲದ ಛತ್ರದಲ್ಲಿ ಎಲ್ಲರೂ ಕೂಡಿ ಹಾಡುತ್ತಿದ್ದರು. ಹಾಡು ಬರಬೇಕೆಂದೇನೂ ಇರಲಿಲ್ಲ. ಹಳ್ಳಿಯವರು, ಗಣಿಯವರು, ಕನ್ನಡದವರು, ತೆಲುಗಿನವರು, ತಮಿಳಿನವರು, ಬಂದವರೆಲ್ಲ ಕೂರಬಹುದಿತ್ತು. ನಡೆಸುತ್ತಿದ್ದವರು ಗಣಿಯಿಂದ ನಿವೃತ್ತರಾದ ಒಬ್ಬ ತಮಿಳು ತಾತ. ಹೊಸಬರನ್ನು ಅವರು ಯಾವಾಗಲೂ ಇಬ್ಬರು ಹಳಬರ ನಡುವೆ ಕೂರಿಸುತ್ತಿದ್ದರು. ಎರಡೂ ಕಡೆಯಿಂದ ದನಿ ಬಂದರೆ ನಡುವೆ ಇರುವವನು ಬೀಳುವುದಿಲ್ಲ ಎನ್ನುತ್ತಿದ್ದರು.

ತಮ್ಮನೂ ಬೀಳಲಿಲ್ಲ. ಮೊದಲ ಸಲ ಹೋದಾಗ, ಗುಂಪು ಹಾಡನ್ನು ಎತ್ತಿಕೊಂಡ ಸ್ವಲ್ಪ ಹೊತ್ತಿಗೆ ಅವನ ತುಟಿ ಆಡಿದ್ದನ್ನು ನೋಡಿದೆ. ಆಮೇಲೆ ಕತ್ತಿನ ನರ ಉಬ್ಬಿದವು. 'ಕ' ಬಂತು, 'ಪ' ಬಂತು, ಎಲ್ಲಿಯೂ ನಿಲ್ಲಲಿಲ್ಲ. ನಾನು ತಾಳ ಹಾಕುವುದನ್ನು ಬಿಟ್ಟು ಅವನ ಬಾಯನ್ನೇ ನೋಡುತ್ತಾ ಕೂತೆ. ಅಷ್ಟು ಜನರ ನಡುವೆ ಅವನ ದನಿ ಯಾವುದೆಂದು ನನಗೆ ತಿಳಿಯಲಿಲ್ಲ. ಬಾಯಿ ಮಾತ್ರ ಕಾಣುತ್ತಿತ್ತು.

ಆ ಭಜನೆಗೆ ಒಂದು ಪದ್ಧತಿಯಿತ್ತು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹೊಸಬರು ಒಬ್ಬೊಬ್ಬರೇ ಒಂದು ಸಾಲು ಹಾಡಬೇಕು, ಉಳಿದವರು ಅದನ್ನು ಮರಳಿಸಬೇಕು. ಆ ಒಂದು ಸಾಲನ್ನು 'ಪಾಲು' ಎನ್ನುತ್ತಿದ್ದರು. ಮೊದಲ ಸಲವೇ ತಾತ ಇವನತ್ತ ಕೈ ಮಾಡಿ, "ನೀ ಪಾಡು," ಅಂದರು. ಅವರ ಮಾತಿನಲ್ಲಿ ಪಾಡು ಎಂದರೆ ಹಾಡು. ತೆಲುಗಿನಲ್ಲೂ ಅದೇ. ಇವನಿಗೂ ಅದು ಗೊತ್ತಿಲ್ಲದ್ದೇನಲ್ಲ. ಆದರೆ ಹೆದರಿದ ಕಿವಿಗೆ ಕನ್ನಡದ ಪಾಡೇ ಕೇಳಿಸಿತು. ನಿನ್ನ ಪಾಡಿಗೆ ನೀನಿರು ಎಂದರೆಂದು ತಿಳಿದು, ಎದ್ದು, ಹೊರಗೆ ಹೋಗಿ ಹುಣಸೆಮರದ ಕೆಳಗೆ ಕೂತುಬಿಟ್ಟ.

ತಾತನೇ ಹಿಂದೆ ಬಂದರು. "ಅಯ್ಯೋ ತಂಬಿ, ಪಾಡು ಅಂದ್ರೆ ಆಡಪ್ಪಾ, ಆಡು!"

ಬಾಗಿಲಲ್ಲಿ ನಿಂತಿದ್ದ ಕ್ಯಾಸಂಬಳ್ಳಿಯವಳು ಬಿಡಲಿಲ್ಲ. "ನಮ್ ಕಡೆ ಆಡು ಅಂದ್ರೆ ಮೇಕೆ ಕಣ್ ತಾತ. ಅವ್ನು ಮರದ ಕೆಳ್ಗೇ ಕೂತವ್ನೆ, ಸೊಪ್ಪು ಆಕಿ."

ಆ ಸಲ ಅಲ್ಲಿಗೇ ಮುಗಿಯಿತು. ಪಾಡು ನಮ್ಮ ಮನೆಯ ಮಾತಾಯಿತು. ಅವನು ಕೆಲಸದಿಂದ ಬಂದು ಸುಮ್ಮನೆ ಕೂತರೆ ನಾನು, "ಪಾಡ್ತೀಯೇನ್ಲಾ?" ಅನ್ನುತ್ತಿದ್ದೆ. "ನನ್... ನನ್ ಪಾಡಿಗೆ ಬಿಡವ್ವಾ," ಅನ್ನುತ್ತಿದ್ದ. ಆ 'ಪ' ಮಾತ್ರ, ನಗುತ್ತಾ ಹೇಳುವುದರಿಂದಲೋ ಏನೋ, ತಡೆಯದೆ ಬರುತ್ತಿತ್ತು.

ಎರಡನೆಯ ಸಲಕ್ಕೆ ಅವನೇ ತನ್ನ ಪಾಲನ್ನು ಆರಿಸಿಕೊಂಡ. ಗಣಿಯೊಳಗೆ ಕೇಜೆಂಬ ಕಬ್ಬಿಣದ ಪಂಜರದಲ್ಲಿ ಇಳಿಯುವವರಿಗೆಂದು ತಾತ ತಾವೇ ಕಟ್ಟಿದ ಸಾಲು ಅದು: ಇಳಿಸಿದೋನೇ, ಏರಿಸಪ್ಪಾ. 'ಇ'ಯಿಂದ ಶುರುವಾಗುತ್ತದೆ, ಆಮೇಲೆ 'ಏ', ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲ, ಕೊನೆಯ 'ಪ್ಪಾ' ಒಂದನ್ನು ಹಾರಿಬಿಟ್ಟರೆ ಆಯಿತು ಎಂದು ನನಗೆ ಲೆಕ್ಕ ಹೇಳಿದ್ದ. ಒಬ್ಬನೇ ಒಂದು ಸಾಲು ಹೇಳಿಬಿಟ್ಟರೆ ಮಾತೂ ಬರುತ್ತದೆ ಎಂದು ಅವನ ನಂಬಿಕೆ. ನನ್ನದೂ ಅದೇ. ಮನೆಯಲ್ಲಿ ಒಂದು ಸಲ ಹೇಳಿ ತೋರಿಸೋ ಎಂದರೆ ಒಪ್ಪಲಿಲ್ಲ. ಛತ್ರದಲ್ಲೇ ಕೇಳಬೇಕು ಅಂದ.

ಆ ಭಾನುವಾರ ಊಟವಾಯಿತು. ಜನ ಕೂತರು. ಅವನ ಸರದಿ ಬಂತು. ತಾತ ಮೆಲ್ಲಗೆ, "ಪಾಡಪ್ಪಾ," ಅಂದರು. ಅವನು ಎದ್ದು ನಿಂತ. ಬಾಯಿ ತೆರೆದ. 'ಇ' ಎಂದು ಬಾಯಿಯ ಆಕಾರ ಬಂತು, ದನಿ ಬರಲಿಲ್ಲ. ಹಣೆಯ ಬೆವರು ಇಳಿದು ಹುಬ್ಬಿಗೆ ಬಂತು. ಯಾರೂ ನಗಲಿಲ್ಲ. ಕ್ಯಾಸಂಬಳ್ಳಿಯವಳು ಕೂಡ ಸೆರಗು ಕಚ್ಚಿಕೊಂಡು ತಲೆ ತಗ್ಗಿಸಿದ್ದಳು. ತಾತನಿಗೆ ನೋಡಲಾಗಲಿಲ್ಲ. ಕನ್ನಡದಲ್ಲೇ, "ಅವನ ಪಾಡಿಗೆ ಅವನನ್ನ ಬಿಡಿ. ಮುಂದಿನ ಸಲ ಆಡ್ತಾನೆ," ಅಂದರು. ಎಲ್ಲರೂ ತಕ್ಷಣ ಇನ್ನೊಂದು ಹಾಡು ಎತ್ತಿಕೊಂಡರು.

ಬಸ್ಸಿನಲ್ಲಿ ಮನೆಗೆ ಬರುವಾಗ ಅವನು ಬೇಸರದಲ್ಲಿರಲಿಲ್ಲ. "ಇತ್ತು ಅವ್ವಾ. ಇಲ್ಲೇ ಇತ್ತು," ಎಂದು ಗಂಟಲು ಮುಟ್ಟಿ ತೋರಿಸಿದ.

ಮರುದಿನ ಗಣಿಯೊಳಗೆ ಬಂಡೆ ಸಿಡಿಯಿತು. ಸಂಜೆಯ ರೈಲು ಬಂತು, ಅವನು ಬರಲಿಲ್ಲ. ಅವನ ಜೊತೆಯ ಇಬ್ಬರು ಬಂದು ನಮ್ಮ ಜಗಲಿಯ ಕೆಳಗೆ ನಿಂತರು. ಅವರು ಹೇಳುವ ಮೊದಲೇ ನನಗೆ ತಿಳಿದಿತ್ತು. ಆದರೂ ನಾನು ಕೇಳಿದ್ದು ಒಂದೇ ಮಾತು.

"ಕೂಗಿದ್ನಾ?"

ಅವರಲ್ಲೊಬ್ಬ, "ನಮ್ಗೆ ಏನೂ ಕೇಳಿಸ್ಲಿಲ್ಲ ಅಕ್ಕಾ," ಅಂದ.

ಅಷ್ಟು ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲ, ಕೂಗಲು ಹೊತ್ತೇ ಇದ್ದಿರಲಿಕ್ಕಿಲ್ಲ ಎಂದು ಎಲ್ಲರೂ ಹೇಳಿದರು. ಇರಬಹುದು. ಓಡ್ರೋ ಎನ್ನುವುದು ಅವನ ನಾಲಿಗೆಗೆ ಸಿಗುವ ಮಾತು. ಅವ್ವಾ ಎನ್ನುವುದೂ ಸಿಗುವ ಮಾತೇ. ಬಾಯಿಗೆ ಆಕಾರ ಬಂದು ದನಿ ಬಾರದೆ ನಿಂತ ಅವನ ಮುಖವೇ ನನಗೆ ಕಾಣುತ್ತದೆ. ಛತ್ರದಲ್ಲಿ ನೋಡಿದ್ದೋ, ಗಣಿಯೊಳಗೆ ನಾನು ಕಲ್ಪಿಸಿಕೊಂಡದ್ದೋ, ಈಗ ಬೇರೆ ಮಾಡಲಾರೆ.

ಮಳೆಗಾಲಕ್ಕೆ ಮುಂಚಿನ ಭಜನೆಗೆ ಹೋದೆ. ಹೋದರೆ ಏನಾದರೂ ಸಿಕ್ಕೀತು ಎನ್ನುವ ಆಸೆಯಿತ್ತು. ತಾತ ನನ್ನನ್ನು ಇಬ್ಬರು ಹಳಬರ ನಡುವೆ ಕೂರಿಸಿದರು. ಎರಡೂ ಕಡೆಯಿಂದ ದನಿ ಬಂತು, ನನ್ನನ್ನು ದಾಟಿಕೊಂಡು ಹೋಯಿತು. ಭಾನುವಾರ ಮಧ್ಯಾಹ್ನ ಅವರು ನನ್ನ ಕಡೆ ತಿರುಗಿ, "ನೀ ಪಾಡಮ್ಮಾ, ಅವನ ಪಾಲು," ಅಂದರು. ನನಗೂ ಆ ದಿನ ಕನ್ನಡದ ಪಾಡೇ ಕೇಳಿಸಿತು. ಎದ್ದು ಹುಣಸೆಮರದ ಕೆಳಗೆ ಹೋಗಿ ಕೂತೆ. ಒಳಗೆ ಅವರೇ ಆ ಸಾಲನ್ನು ಎತ್ತಿಕೊಂಡರು, ಎಲ್ಲರೂ ಕೂಡಿ. ಚೆನ್ನಾಗಿಯೇ ಹಾಡಿದರು. ಅದರಿಂದ ನನಗೇನೂ ಆಗಲಿಲ್ಲ.

ಆಮೇಲೆ ನಾನು ಭಜನೆಗೆ ಹೋಗಲಿಲ್ಲ. ತಾತ ತೀರಿಕೊಂಡರು, ಛತ್ರದ ಕೂಟವೂ ನಿಂತಿತು. ರೈಲು ಈಗಲೂ ಬರುತ್ತದೆ. ಆ ಸಾಲು ನನಗೆ ಬಾಯಿಪಾಠ ಇದೆ, ರಾಗವೂ ಗೊತ್ತಿದೆ. ನನ್ನ ತಮ್ಮ ಒಬ್ಬನೇ ಅದನ್ನು ಹಾಡಿದ್ದನ್ನು ನಾನು ಕೇಳಿಲ್ಲ.